ಬರ್ಸರಿ ಅರ್ಜಿಗೊಂದು ಸಹಿ

ಲಂಡನ್ನಿನ ಹ್ಯಾರೋದಲ್ಲಿರುವ ಆ ಡಾಕ್ಟರ ಹೆಂಡತಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ. ದೇವಸ್ಥಾನದಲ್ಲಿ ಎದುರಾದರೆ ಚಪ್ಪಲಿ ಹುಡುಕುವ ನೆಪ ಮಾಡಿ ಪಕ್ಕಕ್ಕೆ ಸರಿಯುತ್ತೇನೆ.

ಆಗ ನಾನು ಈಸ್ಟ್ ಹ್ಯಾಮ್ ಕಡೆಯ ಒಂದು ಕಾಲೇಜಿನಲ್ಲಿ, ನರ್ಸಿಂಗ್ ಸೇರುವ ಮೊದಲು ಓದಬೇಕಾದ ಒಂದು ವರ್ಷದ ಕೋರ್ಸು ಮಾಡುತ್ತಿದ್ದೆ. ವಯಸ್ಸು ನಲವತ್ತೊಂದು. ವಿಜಯಪುರದಲ್ಲಿ ಪಿಯುಸಿಗೇ ನಿಂತ ಓದು, ಮಗಳು ಹೈಸ್ಕೂಲಿಗೆ ಹೋದ ಮೇಲೆ ಮತ್ತೆ ಶುರುವಾಗಿತ್ತು. ಅಷ್ಟರಲ್ಲಿ ಗಂಡನಿಗೆ ಗೋದಾಮಿನಲ್ಲಿ ವಾರಕ್ಕೆ ಮೂರೇ ದಿನ ಕೆಲಸ ಎಂದಾಯಿತು. ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಕಾಲೇಜು ಬರ್ಸರಿ ಎಂಬ ಸಹಾಯಧನ ಕೊಡುತ್ತದೆ. ಓಡಾಟ, ಪುಸ್ತಕ, ತರಬೇತಿಯ ಸಮವಸ್ತ್ರ ಎಲ್ಲ ಅದರಲ್ಲೇ ಆಗಬೇಕು. ಅದು ಸಿಗದಿದ್ದರೆ ಓದು ಬಿಟ್ಟು ಅಂಗಡಿಯಲ್ಲಿ ಬಿಲ್ಲು ಹಾಕಲು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಸಹಿ ಬೇಕಿತ್ತು. ಎರಡು ವರ್ಷದಿಂದ ನನ್ನನ್ನು ಬಲ್ಲವರು, ಸಂಬಂಧಿಕರಲ್ಲದವರು, ಉದ್ಯೋಗದಲ್ಲಿ ಇರುವವರು ಹಾಕಬೇಕು. ಅಷ್ಟೇ ಬರೆದಿತ್ತು. ನಾನು ಓದಿಕೊಂಡದ್ದೇ ಬೇರೆ. ನಮ್ಮ ಕಡೆ ಸಹಿ ಎಂದರೆ ಗೆಜೆಟೆಡ್ ಆಫೀಸರ್ ಸಹಿ. ಹಸಿರು ಇಂಕು, ದುಂಡನೆಯ ಸೀಲು. ನನ್ನ ಅಂಕಪಟ್ಟಿಯ ನಕಲಿಗೆ ಅಂಥ ಸಹಿ ಹಾಕಿಸಲು ಅಪ್ಪ ದನದ ಡಾಕ್ಟರ ಮನೆ ಮುಂದೆ ಮೂರು ದಿನ ಕೈಕಟ್ಟಿ ನಿಂತಿದ್ದ. ಲಂಡನ್ನಿನಲ್ಲಿ ನನಗೆ ಗೊತ್ತಿದ್ದ ದೊಡ್ಡ ಮನುಷ್ಯರೆಂದರೆ ಈ ಮೈಸೂರಿನ ಡಾಕ್ಟರು ಒಬ್ಬರೇ. ನಮ್ಮವರ ಹಬ್ಬದ ಊಟಗಳಲ್ಲಿ ಪರಿಚಯ. ಅವರ ಹೆಂಡತಿಗೆ ಫೋನ್ ಮಾಡಿದೆ.

“ಅಯ್ಯೋ, ಅದಕ್ಕೇನಮ್ಮಾ, ಖಂಡಿತ ಹಾಕ್ಸಿ ಕೊಡ್ತೀನಿ. ಭಾನುವಾರ ಬಾ. ಹಾಗೇ ನಿಮ್ಮ ಕಡೆ ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಮಾಡ್ತಾರಲ್ಲ, ಒಂದಿಷ್ಟು ಮಾಡ್ಬಿಡು. ನಾಲ್ಕು ಜನ ಬರ್ತಿದ್ದಾರೆ.”

ನಾಲ್ಕು ಜನ ಎಂದರೆ ಇಪ್ಪತ್ತು ಜನ. ಜೋಳದ ಹಿಟ್ಟು, ಶೇಂಗಾ, ಬೆಲ್ಲ ಹೊತ್ತು, ಡಿಸ್ಟ್ರಿಕ್ಟ್ ಲೈನಿನ ರೈಲು ಇಳಿದು ಮೆಟ್ರೋಪಾಲಿಟನ್ ಲೈನಿನದು ಹತ್ತಿ ಲಂಡನ್ನಿನ ಆ ತುದಿಗೆ ಹೋದೆ. ಒಂದಲ್ಲ, ನಾಲ್ಕು ಭಾನುವಾರ. ರೊಟ್ಟಿ ಬಡಿಯುವಾಗ ಆಕೆ ನೆಂಟರನ್ನೆಲ್ಲ ಅಡುಗೆಮನೆಗೆ ಕರೆತಂದು, “ಇವಳು ನನ್ನ ತಂಗಿ ಇದ್ದ ಹಾಗೆ” ಎನ್ನುತ್ತಿದ್ದಳು. ನಾನೂ ಹಲ್ಲು ಬಿಡುತ್ತಿದ್ದೆ, ದಡ್ಡಿ. ಹೊರಡುವಾಗ ಅರ್ಜಿಯ ಮಾತೆತ್ತಿದರೆ ಡಾಕ್ಟರಿಗೆ ಸುಸ್ತು, ಮುಂದಿನ ವಾರ ನೋಡೋಣ. ನನ್ನೆದುರೇ ಮೂರು ಹೋಳಿಗೆ ತಿಂದು ಇನ್ನಷ್ಟು ತುಪ್ಪ ಕೇಳಿದ ಮನುಷ್ಯನಿಗೆ ಪೆನ್ನು ಹಿಡಿಯಲು ಸುಸ್ತಂತೆ!

ನಾಲ್ಕನೆಯ ಭಾನುವಾರ ಅಂಟಿಸಿದ ಕವರು ಕೈಗೆ ಬಂತು. ಬಿಚ್ಚಿ ನೋಡುವುದು ಮರ್ಯಾದೆಯಲ್ಲವೆಂದು ಹಾಗೇ ಕಾಲೇಜಿಗೆ ಕೊಟ್ಟೆ.

ಬುಧವಾರ ಕಾಲೇಜಿನ ಆಫೀಸಿನ ಹೆಂಗಸು ನನ್ನನ್ನು ಕರೆಸಿ ಪುಟ ತಿರುಗಿಸಿ ತೋರಿಸಿದಳು. ಸಹಿ ಡಾಕ್ಟರದು, ಅಕ್ಷರ ಹೆಂಡತಿಯದು. ಅರ್ಜಿದಾರರನ್ನು ಹೇಗೆ ಬಲ್ಲಿರಿ ಎಂಬಲ್ಲಿ ‘ನಮ್ಮ ಮನೆಯ ಅಡುಗೆಯವಳು’ ಎಂದು ಬರೆದಿತ್ತು. ನಾನು ತುಂಬಿದ ಪುಟದಲ್ಲಿ ನನಗೆ ಕೆಲಸವಿಲ್ಲ, ಸಂಬಳವಿಲ್ಲ ಎಂದಿತ್ತು. ಎರಡರಲ್ಲಿ ಯಾವುದು ನಿಜ ಎಂದು ಆಕೆ ಕೇಳಿದಳು. ಶುಕ್ರವಾರ ನಾಲ್ಕು ಗಂಟೆಯೊಳಗೆ ಸರಿಯಾಗದಿದ್ದರೆ ಅರ್ಜಿ ತಿರಸ್ಕಾರ.

ಹೊರಗೆ ಬಂದು ಫೋನ್ ಮಾಡಿದೆ. “ಅಕ್ಕಾರ, ನಾ ನಿಮ್ಮ ಕಡೆ ಪಗಾರ ತಗೊಂಡಿಲ್ಲಂತ ಒಂದ ಸಾಲು ಬರದ ಕೊಡ್ರಿ.”

“ಅದು ಹೇಗಮ್ಮಾ ಬರೆಯೋದು? ದುಡ್ಡು ಕೊಡ್ದೆ ಕೆಲಸ ಮಾಡಿಸ್ಕೊಂಡ್ರು ಅಂತಾಗಲ್ವಾ? ಡಾಕ್ಟ್ರ ಹೆಸರೇನಾಗ್ಬೇಕು?”

“ಮತ್ತ ಅಡಗಿಯಾಕಿ ಅಂತ ಯಾಕ ಬರದ್ರಿ?”

“ಇನ್ನೇನಂತ ಬರೀಬೇಕಿತ್ತು?”

ಕುಹಕವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದಳು. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. “ತಂಗಿ ಅಂತಿದ್ರಲ್ರೀ!” ಎಂದು ಫೋನ್ ಕತ್ತರಿಸಿದೆ. ಬಸ್ ಸ್ಟಾಪಿನಲ್ಲಿ ನಿಂತು ಜೋರಾಗಿ ಅತ್ತೆ.

ಮತ್ತೆ ಒಳಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿದೆ. ಆಫೀಸಿನವಳು ಹೊಸ ಪುಟ ಕೊಟ್ಟು ಬೇರೆಯವರ ಸಹಿ ತರಲು ಹೇಳಿದಳು. ಇನ್ನೊಬ್ಬ ಡಾಕ್ಟರನ್ನು ಎಲ್ಲಿಂದ ತರಲಿ ಎಂದೆ. ಡಾಕ್ಟರೇ ಬೇಕೆಂದು ಯಾರು ಹೇಳಿದರು, ಕೆಲಸದಲ್ಲಿರುವ ಯಾರಾದರೂ ಸರಿ, ಅಕ್ಕಪಕ್ಕದವರಿಲ್ಲವೇ ಎಂದಳು. ನಾಲ್ಕು ಭಾನುವಾರಗಳ ರೊಟ್ಟಿಯೂ ನನ್ನ ಮುಖಕ್ಕೇ ಬಂದು ಬಡಿದಂತಾಯಿತು.

ನಮ್ಮವರಲ್ಲಿ ಯಾರನ್ನು ಕೇಳಿದರೂ ಸುದ್ದಿ ಸಂಜೆಯೊಳಗೆ ಹ್ಯಾರೋ ಮುಟ್ಟುತ್ತಿತ್ತು. ಉಳಿದವಳು ನಮ್ಮ ಕೆಳಗಿನ ಫ್ಲ್ಯಾಟಿನ ಇಂಗ್ಲಿಷ್ ಹೆಂಗಸು. ಪ್ರೈಮರಿ ಶಾಲೆಯ ಆಫೀಸಿನಲ್ಲಿ ಕೆಲಸ. ಆರು ವರ್ಷದಿಂದ ನಮಗೂ ಅವಳಿಗೂ ಜಗಳ. ಒಗ್ಗರಣೆ ಘಾಟೆಂದು ಇಲ್ಲಿನ ಪುರಸಭೆಯಂಥ ಕೌನ್ಸಿಲಿಗೆ ಎರಡು ಸಲ ದೂರು ಕೊಟ್ಟವಳು. ನಾನೂ ಸುಮ್ಮನಿದ್ದವಳಲ್ಲ, ನಮ್ಮ ಕಸವನ್ನು ಬೇಕೆಂದೇ ಅವಳ ಬಿನ್ನಿಗೆ ಹಾಕುತ್ತಿದ್ದೆ.

“ಆಕಿ ಕಡೆ ಹೊಂಟೀ? ನಾಚಿಗಿ ಇಲ್ಲೇನ ನಿನಗ?” ಎಂದ ಗಂಡ.

“ಓದು ಬಿಡೂದಕ್ಕಿಂತ ನಾಚಿಗಿ ಬಿಡೂದ ಪಾಡ,” ಎಂದು ಗುರುವಾರ ಸಂಜೆ ಇಳಿದುಹೋದೆ.

ಬಾಗಿಲ ಸರಪಳಿ ತೆಗೆಯದೆಯೇ ಆಕೆ “ಈಗೇನು?” ಎಂದಳು. ಸಂದಿಯಲ್ಲೇ ಕಾಗದ ತೂರಿಸಿದೆ. ನಿಂತಲ್ಲೇ ಪೂರ್ತಿ ಓದಿದಳು, ಗೋಡೆಗೆ ಒತ್ತಿ ಹಿಡಿದು ಬರೆದಳು, ಸಹಿ ಹಾಕಿ ಹೊರಗೆ ಚಾಚಿದಳು. “ನಿನ್ನ ಕಸದ ಚೀಲ ನನ್ನ ಬಿನ್ನಿನಲ್ಲಿದೆ, ತೆಗಿ” ಎಂದು ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ಮೇಲೆ ಕೂತು ಓದಿದೆ. ‘ನೆರೆಯವಳು, ಆರು ವರ್ಷದಿಂದ. ನಮಗಿಬ್ಬರಿಗೆ ಆಗುವುದಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಗಟ್ಟಿಯಾಗಿ ಓದಿಕೊಳ್ಳುತ್ತಾಳೆ. ಅದು ನನ್ನ ಮಲಗುವ ಕೋಣೆಗೆ ಕೇಳಿಸುತ್ತದೆ. ಈ ಹಣ ಅವಳಿಗೆ ಸಿಗಬೇಕು.’

ಸಿಕ್ಕಿತು. ಅದೇ ತಿಂಗಳು ಒಗ್ಗರಣೆ ಘಾಟೆಂದು ಕೌನ್ಸಿಲಿನಿಂದ ಮೂರನೆಯ ಕಾಗದವೂ ಬಂತು. ಯುಗಾದಿಗೆ ಹೋಳಿಗೆ ಮಾಡಲು ಬಾ ಎಂದು ಹ್ಯಾರೋದಿಂದ ಫೋನ್ ಬಂದಾಗ, “ಅಡಗಿಯಾಕಿಗೆ ಪಗಾರ ಎಷ್ಟ್ರಿ?” ಎಂದು ಕೇಳಿದೆ. ಕೆಳಗಿನವಳ ಜೊತೆ ಇಂದಿಗೂ ಮಾತಿಲ್ಲ. ಮೆಣಸಿನಕಾಯಿ ಒಗ್ಗರಣೆಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬೆಳಿಗ್ಗೆ ಐದಕ್ಕೆ ಮಾತ್ರ ನರ್ಸಿಂಗ್ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಬಾಗಿಲು ಮುಚ್ಚಿ, ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.