ಗಲ್ಲ ಎಂದರೆ ಯಾವುದು

ಯಡಿಯೂರು ಕೆರೆಯಲ್ಲಿ ವಾಕಿಂಗ್ ಮುಗಿಸಿ ಬರುವಾಗ ಫುಟ್‌ಪಾತಿನ ಕಲ್ಲು ಎಡವಿ ಮುಖ ಅಡಿಯಾಗಿ ಬಿದ್ದೆ. ಗದ್ದ ಒಡೆದು ರಕ್ತ ಸುರಿಯುತ್ತಿತ್ತು. ಆದರೆ ಪ್ರಾಣ ಹೋಗುವಂಥ ನೋವಿದ್ದದ್ದು ಎಡಗಣ್ಣಿನ ಕೆಳಗೆ. ಮಗಳು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದು, ದುಡ್ಡು ಕಟ್ಟಲು ಹೊರಗೇ ನಿಂತಳು.

"ಡಾಕ್ಟ್ರ, ನನ್ನ ಗಲ್ಲದ ಎಲುಬು ಮುರದೈತ್ರಿ" ಎಂದೆ.

ನಮ್ಮ ಧಾರವಾಡದ ಕಡೆ ಗಲ್ಲ ಎಂದರೆ ಕೆನ್ನೆ. ಇಲ್ಲಿಯವರಿಗೆ ಗಲ್ಲ ಎಂದರೆ ಗದ್ದ. ಜಯನಗರದಲ್ಲಿ ಸಂಸಾರ ಮಾಡಿ ಕೂದಲು ಬೆಳ್ಳಗಾದ ನನಗೆ ಇದು ಗೊತ್ತಿಲ್ಲದ್ದೇನಲ್ಲ, ಮನೆಯಲ್ಲಿ ಇದೇ ಮಾತಿಗೆ ಎಷ್ಟೋ ಸಲ ನಕ್ಕಿದ್ದೇವೆ. ಆದರೆ ಆ ನೋವಿನಲ್ಲಿ ನಾಲಿಗೆ ತವರಿಗೆ ಓಡಿತು. ಮುಖವೆಲ್ಲ ಊದಿತ್ತು. ಕೈ ಎತ್ತಿ ತೋರಿಸಹೋದರೆ, "ಮುಟ್ಬೇಡಿ ಆಂಟಿ, ಇನ್ಫೆಕ್ಷನ್ ಆಗುತ್ತೆ" ಎಂದು ಡಾಕ್ಟರು ಕೈ ಕೆಳಗಿಳಿಸಿದರು. ದವಡೆಯ ಎಕ್ಸ್‌ರೇ ತೆಗೆಸಿದರು. ಗದ್ದಕ್ಕೆ ಹೊಲಿಗೆ ಹಾಕಿದರು.

"ಗಲ್ಲದ ಮೂಳೆಗೆ ಏನೂ ಆಗಿಲ್ಲ" ಎಂದರು. ನಾನು, ದಡ್ಡಿ, ನಂಬಿದೆ.

ಆಮೇಲೆ "ಗಲ್ಲ ಜೋಮು ಹಿಡದೈತಿ" ಎಂದು ನಾನೇ ಫೋನ್ ಮಾಡಿದರೆ, ಹೊಲಿಗೆ ಹಾಕಿದ ಜಾಗ ಹಾಗೇ ಇರುತ್ತದೆ ಎಂಬ ಉತ್ತರ ಬಂತು. ಬಾವು ಇಳಿಯಲು ವಾರಗಳೇ ಹಿಡಿದವು. ಇಳಿದಾಗ ಎಡಗೆನ್ನೆ ಒಳಗೆ ಕುಸಿದಿತ್ತು. ತಲೆ ಎತ್ತಿದರೆ ಒಂದು ಫ್ಯಾನು ಎರಡಾಗಿ ತಿರುಗುತ್ತಿತ್ತು. ಆಗ ನಿಜವಾಗಿ ಹೆದರಿದೆ.

ಇನ್ನೊಂದು ದೊಡ್ಡ ಆಸ್ಪತ್ರೆಗೆ ಹೋಗುವುದೆಂದಾಯಿತು. ಅಲ್ಲಿ ಯಾವ ಭಾಷೆಯ ಡಾಕ್ಟರು ಕೂತಿದ್ದರೂ ಈ ಸಲ ತಪ್ಪಬಾರದೆಂದು ಕೆನ್ನೆಯ ಎಲುಬಿಗೆ ಏನನ್ನುತ್ತಾರೆಂದು ಹುಚ್ಚಿಯ ಹಾಗೆ ಕಂಡಕಂಡವರನ್ನು ಕೇಳಿದೆ. ತರಕಾರಿಯಾಕೆ ತಮಿಳಿನಲ್ಲಿ ಕನ್ನ ಎಲುಂಬು ಎಂದಳು. ಪಕ್ಕದ ಮನೆಯ ತೆಲುಗಿನವರು ಬುಗ್ಗ ಎಮುಕ ಎಂದರು. ಮೇಲ್ಮನೆಯ ಮಲಯಾಳಿ ಹುಡುಗಿ ಕವಿಳೆಲ್ಲು ಎಂದು ಎರಡು ಸಲ ಹೇಳಿಕೊಟ್ಟಳು. ಹಿಂದಿಯ ಗಾಲ್ ಕಿ ಹಡ್ಡಿ ಎನ್ನುವುದು ಹುಬ್ಬಳ್ಳಿಯ ಓಣಿಯಲ್ಲೇ ಕಲಿತದ್ದು. ಆಟೋದಲ್ಲಿ ಎಲ್ಲವನ್ನೂ ಮಂತ್ರದಂತೆ ಜಪಿಸುತ್ತ ಹೋದೆ. ಯಾವುದೂ ಬೇಕಾಗಲಿಲ್ಲ. ಅಲ್ಲಿಯ ಡಾಕ್ಟರು ಕೆನ್ನೆಯನ್ನು ಒಮ್ಮೆ ಒತ್ತಿ ನೋಡಿ, ಮಗಳ ಕಡೆ ತಿರುಗಿ "ಜೈಗೋಮಾ" ಎಂದರು. ನನ್ನ ಎಲುಬಿಗೆ ಅದೂ ಒಂದು ಹೆಸರಂತೆ.

"ತಪ್ಪಾಗಿ ಕೂಡ್ಕೊಂಡಿದೆ ಅಮ್ಮ. ಸರಿ ಮಾಡ್ಬೇಕು ಅಂದ್ರೆ ಮತ್ತೆ ಮುರೀಬೇಕು. ಆದ್ರೂ ಸ್ಪರ್ಶ ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ. ಬಿದ್ದ ದಿನವೇ ಬಂದಿದ್ರೆ..."

"ಬಂದಿದ್ನೆಲ್ರೀ! ಅವತ್ತ ಬಂದಿದ್ದೆ, ಅವತ್ತ ಹೇಳಿದ್ದೆ, ಕನ್ನಡದಾಗ ಹೇಳಿದ್ದೆ!" ಎಂದು ಕೂಗಿಬಿಟ್ಟೆ. ಹೊರಗೆ ಕೂತವರೆಲ್ಲ ಬಾಗಿಲ ಕಡೆ ತಿರುಗಿದರು. ಮಗಳು ನನ್ನ ಭುಜ ಹಿಡಿದುಕೊಂಡು ಅತ್ತಳು.

ಮನೆಗೆ ಬಂದು ಸೋಫಾದ ಮೇಲೆ ಕುಸಿದೆ. ಮೊಮ್ಮಗಳು ಓಡಿಬಂದು ಮಡಿಲೇರಿದಳು. ಜೀವ ಏನಾದರೊಂದು ಸಮಾಧಾನಕ್ಕೆ ಹಾತೊರೆಯುತ್ತಿತ್ತು.

"ಗಲ್ಲಕ್ಕೊಂದು ಮುತ್ತು ಕೊಡವಾ" ಎಂದೆ.

ಬೆಂಗಳೂರಿನ ಕೂಸು, ಗದ್ದಕ್ಕೆ ಕೊಟ್ಟಳು. ಹೊಲಿಗೆಯ ಗುರುತಿನ ಮೇಲೆ ಅವಳ ಒದ್ದೆ ತುಟಿ ತಾಗಿತು.

"ಅಲ್ಲಲ್ಲ, ಇಲ್ಲಿ" ಎಂದು ಎಡಗೆನ್ನೆ ತೋರಿಸಿ ಕಣ್ಣು ಮುಚ್ಚಿದೆ. ಕಾದೆ.

"ಯಾಕವಾ, ಕೊಡೂದಿಲ್ಲೇನು?"

"ಅಲ್ಲಿಗೂ ಆಗ್ಲೇ ಕೊಟ್ನಲ್ಲ, ಅಜ್ಜಿ."