ಕರ್ಸರ್‌ನ ಎಡಗಡೆಯ ಹೆಸರು

ನಮ್ಮ ಆಫೀಸು ಜಯನಗರದಿಂದ ಜೆ.ಪಿ. ನಗರಕ್ಕೆ ಹೋಗುತ್ತಿದೆ. ಮೊನ್ನೆ ಡ್ರಾಯರ್ ಖಾಲಿ ಮಾಡುವಾಗ ತಳದಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಪಿನ್ನು, ಕ್ಲಿಪ್ಪು ತುಂಬಿಟ್ಟು ಎಷ್ಟೋ ವರ್ಷವಾದರೂ ಶೇಂಗಾ ಚಟ್ನಿಪುಡಿಯ ಬೆಳ್ಳುಳ್ಳಿ ವಾಸನೆ ಅದನ್ನು ಬಿಟ್ಟಿರಲಿಲ್ಲ. ಮುಚ್ಚಿದೆ. ಮತ್ತೆ ತೆಗೆದೆ. ಈ ಡಬ್ಬಿಯನ್ನು ನಾನು ವಾಪಸ್ ಕೊಡಬೇಕಿತ್ತು...

ಅವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹುಬ್ಬಳ್ಳಿ ಕಡೆಯವರು, ಬಿಟಿಎಂನಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಕಣ್ಣಿನ ಕ್ಲಿನಿಕ್ ಒಂದರ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸು. ಕೆಳಗಿನ ಡಾಕ್ಟರಿಗೆ ರಿಪೋರ್ಟು ತಯಾರಿಸಿಕೊಡುವ ಪ್ರೋಗ್ರಾಂ ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಆಗ ಹೊಸಬಳು, ಕಾಲಲ್ಲಿ ಚಕ್ರ ಕಟ್ಟಿಕೊಂಡವಳು. ಸ್ಕ್ರೀನಿನ ಮೇಲೆ ಆಜ್ಞೆ ಹೊಡೆಯುವ ಐದು ಕಪ್ಪು ಕಿಟಕಿ ತೆರೆದಿಟ್ಟು ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದೆ.

ಓಡುತ್ತಿರುವ ಪ್ರೋಗ್ರಾಮಿಗೆ ಒಂದು ಎನ್ವಿರಾನ್‌ಮೆಂಟು, ಹೊಸ ಪ್ರಯೋಗಗಳಿಗೆ ಬೇರೆಯೇ ಒಂದು; ಬೇಕಾದ ಸಾಮಾನೆಲ್ಲ ಇಟ್ಟ ಎರಡು ಬೇರೆ ಬೇರೆ ಅಡಿಗೆಮನೆ ಇದ್ದಂತೆ. ಒಂದರ ಸಾಮಾನು, ಅಂದರೆ ಪ್ಯಾಕೇಜುಗಳು, ಇನ್ನೊಂದಕ್ಕೆ ಸೇರಬಾರದು. ಕೆಲಸಕ್ಕೆ ಕೂರುವ ಮೊದಲು ಒಂದು ಸಾಲು ಹೊಡೆದು ಬೇಕಾದ್ದನ್ನು ಆಕ್ಟಿವೇಟ್ ಮಾಡಬೇಕು; ಆಗ ಕರ್ಸರ್‌ನ ಎಡಗಡೆ ಆವರಣ ಚಿಹ್ನೆಯೊಳಗೆ ಅದರ ಹೆಸರು ಬರುತ್ತದೆ. ಇದೆಲ್ಲ ಯಾಕೆ ಎಂದು ನಾನು ಗೊಣಗಿದ್ದಕ್ಕೆ ಅಕ್ಕ ನಕ್ಕಿದ್ದರು.

"ಒಂದ ಒಲಿಮ್ಯಾಲೆ ನಾಕ್ ಮಂದಿ ಒಗ್ಗರಣಿ ಹಾಕಿದ್ರ ಯಾರ ಸಾರೂ ಉಳಿಯಂಗಿಲ್ಲ, ತಂಗಿ. ಏನರ ಹೊಡಿಯೂದಕ್ಕಿಂತ ಮೊದ್ಲ ಎಲ್ಲಿ ನಿಂತೀ ನೋಡ್ಕೋ."

ಅವರು ಪ್ರತಿ ಸಲವೂ ಆ ಹೆಸರಿನ ಮೇಲೆ ಬೆರಳಿಟ್ಟು ನೋಡಿಯೇ ಎಂಟರ್ ಒತ್ತುತ್ತಿದ್ದರು. ಅವರ ಸ್ಕ್ರೀನಿನ ಎಡಗಡೆ ಚಟ್ನಿಪುಡಿಯ ಎಣ್ಣೆಯ ಕಲೆ ಯಾವಾಗಲೂ ಇರುತ್ತಿತ್ತು. ನಾನು ಹಿಂದಿನಿಂದ ಅಣಕಿಸುತ್ತಿದ್ದೆ. ಮಧ್ಯಾಹ್ನ ಅದೇ ಅಕ್ಕನ ಡಬ್ಬಿಗೆ ಕೈ ಹಾಕುತ್ತಿದ್ದೆ.

ಅಕ್ಕನ ಕಾಂಟ್ರ್ಯಾಕ್ಟ್ ಮುಗಿಯುವ ವಾರ. ಮುಂದುವರಿಸುತ್ತಾರೋ ಇಲ್ಲವೋ ಎಂದು ಅವರು ದಿನಾ ಮೇಲ್ ನೋಡುತ್ತಿದ್ದರು. ಬುಧವಾರ ಬೆಳಿಗ್ಗೆ ನಾನು ಒಂದು ಪ್ಯಾಕೇಜನ್ನು ಅಪ್‌ಗ್ರೇಡ್ ಮಾಡಿದೆ. ಪ್ರಯೋಗದ ಕಿಟಕಿ ಅಂದುಕೊಂಡಿದ್ದೆ. ಎಂಟರ್ ಒತ್ತಿದ ಮೇಲೆ ಎಡಗಡೆ ಕಣ್ಣು ಹೋಯಿತು... ಅಲ್ಲಿ ಇದ್ದದ್ದು ಓಡುತ್ತಿರುವ ಪ್ರೋಗ್ರಾಮಿನದರ ಹೆಸರು.

ಐದೇ ನಿಮಿಷದಲ್ಲಿ ರಿಪೋರ್ಟುಗಳು ನಿಂತವು. ಬಾಸ್ ಮೆಟ್ಟಿಲು ಹತ್ತಿ ಬಂದರು.

"ಯಾರ್ರೀ ಇದು ಮಾಡಿದ್ದು? ಕೆಳಗೆ ಪೇಷೆಂಟ್ಸು ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ಕಾಯ್ತಿದ್ದಾರೆ!"

ಅಲ್ಲಿಯವರೆಗೆ ಎಲ್ಲರೂ ಹೊಡೆದಿದ್ದ ಆಜ್ಞೆಗಳ ಪಟ್ಟಿಯನ್ನು ಅಕ್ಕ ತೆಗೆದು ನೋಡಿದರು. ಯಾವ ಲಾಗಿನ್ನಿನಿಂದ ಏನು ಹೋಗಿದೆ ಎಂಬುದೆಲ್ಲ ಅದರಲ್ಲಿತ್ತು. ಒಮ್ಮೆ ನನ್ನ ಕಡೆ ತಿರುಗಿದರು. ನಾನು ಸ್ಕ್ರೀನಿನಿಂದ ಕಣ್ಣೆತ್ತಲಿಲ್ಲ.

"ನಂದ ತಪ್ಪಾತು, ಸರ್. ಸರಿ ಮಾಡ್ತೀನಿ," ಎಂದರು.

ಕೆಟ್ಟ ಎನ್ವಿರಾನ್‌ಮೆಂಟನ್ನು ಅಳಿಸಿ, ತಮ್ಮ ನೋಟ್‌ಬುಕ್ಕಿನ ಪ್ಯಾಕೇಜುಗಳ ಪಟ್ಟಿ ನೋಡಿ ಮೊದಲಿನಿಂದ ಕಟ್ಟಿದರು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಶುಕ್ರವಾರ ಮೇಲ್ ಬಂತು. ಕಾಂಟ್ರ್ಯಾಕ್ಟ್ ಮುಂದುವರಿಸಿರಲಿಲ್ಲ.

ಸಂಜೆ ಬಸ್ ಸ್ಟಾಪಿನವರೆಗೂ ಅಕ್ಕನ ಜೊತೆಗೆ ಹೋದೆ. ದಾರಿಯುದ್ದಕ್ಕೂ ಬಿಸಿಲಿನ ವಿಷಯ, ಟ್ರಾಫಿಕ್ಕಿನ ವಿಷಯ ಒಂದೇ ಸಮನೆ ಮಾತಾಡಿದೆ. ಬುಧವಾರದ ಮಾತು ಮಾತ್ರ ಎತ್ತಲಿಲ್ಲ. ಅಕ್ಕ ಕೇಳಿದ್ದು ಇಷ್ಟೇ: "ಡಬ್ಬಿ ನಿನ್ನ ಕಡೆ ಐತಲ್ಲ? ಇರಲಿ, ಆಮ್ಯಾಲೆ ಕೊಡು."

ಸೋಮವಾರ ಎಂದಿನ ಸಾಲು ಹೊಡೆದು ಆಕ್ಟಿವೇಟ್ ಮಾಡಿದರೆ ಹೆಸರಿನ ಮೇಲೆ ಇನ್ನೊಂದು ಸಾಲು ಮೂಡಿತು. 'ಎಲ್ಲಿ ನಿಂತೀ ನೋಡ್ಕೋ, ತಂಗಿ.' ಹೋಗುವ ಮುಂಚೆ ಅಕ್ಕ ಆಕ್ಟಿವೇಟ್ ಮಾಡುವ ಫೈಲಿನೊಳಗೆ ಅದನ್ನು ಬರೆದು ಹೋಗಿದ್ದರು. ಆಫೀಸಿನಲ್ಲಿ ತಂಗಿ ಎಂದು ಅವರು ಕರೆಯುತ್ತಿದ್ದದ್ದು ನನ್ನೊಬ್ಬಳನ್ನೇ. ಆ ದಿನವೇ ಫೋನ್ ಮಾಡಬೇಕಿತ್ತು. ನಾಳೆ, ನಾಳೆ ಎಂದೆ. ಕೊನೆಗೆ ಮಾಡಿದಾಗ ಆ ನಂಬರ್ ಚಾಲ್ತಿಯಲ್ಲಿರಲಿಲ್ಲ. ಬಿಟಿಎಂನ ಮನೆಯ ಓನರ್ ಆಂಟಿಗೂ ಅವರು ಎಲ್ಲಿಗೆ ಹೋದರೆಂದು ಗೊತ್ತಿರಲಿಲ್ಲ.

ಮಷೀನು ಮೂರು ಸಲ ಬದಲಾಯಿತು. ಪ್ರತಿ ಸಲವೂ ಆ ಸಾಲನ್ನು ಹೊಸದರಲ್ಲಿ ನಾನೇ ಬರೆದುಕೊಂಡೆ. ಹೊಸ ಆಫೀಸಿನಲ್ಲಿ ಅದಕ್ಕೆ ಜಾಗವಿಲ್ಲ. ಫೋಲ್ಡರ್ ತೆರೆದರೆ ಎಲ್ಲ ತಾನಾಗಿಯೇ ಆಕ್ಟಿವೇಟ್ ಆಗುತ್ತದಂತೆ.

ಮೊನ್ನೆ ಡಬ್ಬಿ ಹಿಡಿದುಕೊಂಡೇ ಬಾಸ್ ರೂಮಿಗೆ ಹೋದೆ. "ಸಾರ್, ಅವತ್ತು ರಿಪೋರ್ಟ್ ನಿಲ್ಸಿದ್ದು ಅಕ್ಕ ಅಲ್ಲ. ನಾನು."

ಅವರು ಪ್ಯಾಕಿಂಗ್ ಪಟ್ಟಿಯಿಂದ ತಲೆಯೆತ್ತಿದರು. "ಯಾವತ್ತು?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಯಾವ ಅಕ್ಕ? ನಮ್ಮಲ್ಲಿದ್ರಾ ಅವ್ರು? ಹೆಸರೇನು?"

ನಾನು ಹೆಸರು ಹೇಳಿದೆ. ಅವರಿಗೆ ನೆನಪಾಗಲಿಲ್ಲ.

ಸೀಟಿಗೆ ಬಂದು ಹಳೆಯ ಮಷೀನಿನಲ್ಲಿ ಆಕ್ಟಿವೇಟ್ ಮಾಡುವ ಸಾಲನ್ನು ಕೊನೆಯ ಸಲ ಕೈಯಲ್ಲೇ ಹೊಡೆದೆ. ಅಕ್ಕನ ಮಾತು ಬಂತು. ಅದರ ಕೆಳಗೆ, ಎಡಗಡೆ, ಹೆಸರು. ಅದರ ಮೇಲೆ ಬೆರಳಿಟ್ಟೆ. ಈ ಆಫೀಸಿನಲ್ಲಿ ಇನ್ನು ಆ ಬುಧವಾರ ನೆನಪಿರುವುದು ನನಗೊಬ್ಬಳಿಗೇ.