ಅಟ್ಟದಿಂದ ಇಳಿಯದ ಮಹಾರಾಜ

ಇಂದು ಹೊನ್ನಾಳಿಯಲ್ಲಿ ಹೊಸ ಹಾರ್ಮೋನಿಯಂ ಒಂದಕ್ಕೆ ಕುಂಕುಮ ಹಚ್ಚುವುದನ್ನು ಕಂಡೆ ನೋಡಿ, ನೆನಪಿನ ಪರದೆ ಸರ್ರನೆ ಮೇಲೆದ್ದಿತು!

ಚನ್ನಗಿರಿಯ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಗಳು ಜಾತಿ ಕೇಳದೆ ರೋಗಿಗಳನ್ನು ಸೈಕಲ್ಲಿನಲ್ಲಿ ಕೂರಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋಗುತ್ತಲೇ ಮುದುಕರಾದವರು. ಒಮ್ಮೆ ಅವರು ನಮ್ಮೂರ ನಾಟಕಕ್ಕೆ ಚರ್ಚಿನ ಹಾರ್ಮೋನಿಯಂ ಕೊಟ್ಟರು. ಮಹಾರಾಜನ ಪಾತ್ರದ ನಮ್ಮಪ್ಪ ರಂಗಪೂಜೆಯಲ್ಲಿ ಭಕ್ತಿ ಉಕ್ಕಿ ಅದಕ್ಕೆ ಕುಂಕುಮ ಬಳಿದು, ಕಾಯಿ ಒಡೆದು ನೀರು ಸುರಿದೇಬಿಟ್ಟ! ನೀರು ಒಳಗಿಳಿದು ಸ್ವರಗಳು ಸತ್ತವು. ಚರ್ಚಿನವರು ಪಾದ್ರಿಗಳನ್ನೇ ಬೈದರು.

ನಾಚಿಕೆಯಿಂದ ಅಪ್ಪ ಮತ್ತೆಂದೂ ಪಾದ್ರಿಗಳಿಗೆ ಮುಖ ತೋರಿಸಲಿಲ್ಲ. ಅವರೋ, ಪ್ರತಿ ಕ್ರಿಸ್ಮಸ್ಸಿಗೂ ಕರೆಯಲು ಮನೆಗೇ ಬರುತ್ತಿದ್ದರು. ಅಪ್ಪ ಅಟ್ಟ ಹತ್ತುತ್ತಿದ್ದ.

“ಅವ್ರು ಊರಾಗಿಲ್ರೀ,” ಎನ್ನುತ್ತಿದ್ದಳು ಅವ್ವ.

“ಅವರ ಕೆಮ್ಮು ಮಾತ್ರ ಮನ್ಯಾಗೇ ಐತಲ್ಲಮ್ಮ! ಮಹಾರಾಜ್ರೇ, ಹಾರ್ಮೋನಿಯಂ ಪೆಟ್ಟಿಗೆ ಹೋದ್ರೆ ಹೋಗ್ಲಿ, ನೀವು ಇಳಿದು ಬರ್ರಿ!”

ಅಪ್ಪ ಇಳಿಯಲಿಲ್ಲ. ಪಾದ್ರಿಗಳು ತೀರಿಕೊಂಡರು, ಅಪ್ಪನೂ ಹೋದ.

ಇಂದು ಹೊನ್ನಾಳಿಯಿಂದ ಬರುವಾಗ ಚನ್ನಗಿರಿಯ ಆ ಚರ್ಚಿಗೆ ಹೋದೆ. ಯಾರ ಮಗನೆಂದು ಹೇಳಿದಾಗ ಮುದುಕಿಯೊಬ್ಬಳು ಮುಂದಿನ ಬೆಂಚು ತೋರಿಸಿದಳು: “ಕ್ರಿಸ್ಮಸ್ ದಿನ ಅಲ್ಲಿ ಯಾರನ್ನೂ ಕುಂದ್ರಾಕೆ ಬಿಡ್ತಿರ್ಲಿಲ್ಲಪ್ಪ ನಮ್ಮ ಪಾದ್ರಿ ಅಯ್ಯನೋರು. ‘ಮಹಾರಾಜ್ರು ಬರ್ತಾರೆ’ ಅಂತಿದ್ರು.”